ಏಕಾಂತಪ್ಪ ಮೇಷ್ಟ್ರು ಹೇಳಿದ ಆಕಾಶದ ಪುರಾಣ

ದಾವಣಗೆರೆಯಲ್ಲಿ ಹತ್ತಿಗೆ ಗಿರಾಕಿ ಇದ್ದರು, ಎಣ್ಣೆಗೆ ಇದ್ದರು, ಮಂಡಕ್ಕಿಗಂತೂ ಸಾಲು ನಿಲ್ಲುತ್ತಿದ್ದರು. ಏಕಾಂತಪ್ಪ ಮೇಷ್ಟ್ರ ತಲೆಯಲ್ಲಿದ್ದ ಸರಕಿಗೆ ಮಾತ್ರ ಆ ಊರಿನಲ್ಲಿ ಒಬ್ಬ ಗಿರಾಕಿಯೂ ಹುಟ್ಟಿರಲಿಲ್ಲ.

ಆತ ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದ. ಪಿ.ಜೆ. ಬಡಾವಣೆಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಹೆಂಡತಿ ಮದುವೆಯಾದ ಮರುವರ್ಷವೇ ಬಾಣಂತನದಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಇನ್ನೊಂದು ಮದುವೆಗೆ ನೆಂಟರು ಒತ್ತಾಯಿಸಿದಾಗಲೆಲ್ಲ ಮುಂದಿನ ವರ್ಷ ನೋಡೋಣ ಎಂದು ಹೇಳಿ ಹೇಳಿ ನಲವತ್ತು ಮುಟ್ಟಿದ್ದ. ಹೆಸರಿಗೆ ತಕ್ಕ ಬಾಳು ಎಂದು ಸಹೋದ್ಯೋಗಿಗಳು ನಗುತ್ತಿದ್ದರು, ಅವನೂ ಜೊತೆಗೆ ನಗುತ್ತಿದ್ದ.

ಭಾನುವಾರ ಬಂತೆಂದರೆ ರೈಲು ಹತ್ತಿ ಹರಿಹರಕ್ಕೆ ಹೋಗುತ್ತಿದ್ದ. ಹರಿಹರೇಶ್ವರನ ಗುಡಿಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟು ಪಡೆಯುವ ಆಸೆ. ರೈಲಿನಲ್ಲಿ ಓದಲು ಚೀಲದಲ್ಲಿ ಬೇರೊಂದು ಸರಕು: ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಿಂದ ತಂದ, ರಟ್ಟಿನ ಮೇಲೆ ರಾಕೆಟ್ಟಿನ ಚಿತ್ರವಿದ್ದ ಇಂಗ್ಲಿಷ್ ಪತ್ರಿಕೆಗಳು. ಅವನ್ನು ಓದಿ ತಾನೂ ಅಂಥ ಕತೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದ. ಕಳಿಸಿದ ಕತೆಗಳೆಲ್ಲ ಹೋದಷ್ಟೇ ವೇಗದಲ್ಲಿ ತಿರುಗಿ ಬರುತ್ತಿದ್ದವು.

ಹರಿಹರದ ಮಠದ ಕಡೆಯವರು, “ಲಿಂಗ ಕಟ್ಟಿದೋನಿಗೆ ಗುಡಿಯಾಗ ಏನು ಕೆಲಸ?” ಎಂದರು. ಗುಡಿಯವರು, “ಟೇಪು ಹಿಡ್ಕೊಂಡು ದೇವರನ್ನ ಅಳೆಯೋನಿಗೆ ಭಕ್ತಿ ಎಲ್ಲೈತೆ?” ಎಂದರು. ಕಾಲೇಜಿನ ವಿಜ್ಞಾನದ ಮೇಷ್ಟ್ರುಗಳಿಗೆ ಆತ ಪುರಾಣದ ಮನುಷ್ಯ. ವಿಶ್ವವಿದ್ಯಾಲಯದ ಪಂಡಿತರಿಗೆ ರಾಕೆಟ್ಟಿನ ಹುಡುಗಾಟದವ. ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿಯೇ ಊರಿಗೆಲ್ಲ ಗೊತ್ತು, ಈ ಪುಣ್ಯಾತ್ಮ ಮೂರು ದೋಣಿಗೆ ಕಾಲಿಟ್ಟಿದ್ದ. ಒಂದೇ ಮೈಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ ನಿಲ್ಲಬಹುದಾದರೆ ಒಬ್ಬ ಮೇಷ್ಟ್ರ ತಲೆಯಲ್ಲಿ ಶಾಸನವೂ ರಾಕೆಟ್ಟೂ ಯಾಕೆ ನಿಲ್ಲಬಾರದು ಎಂಬುದು ಅವನ ವಾದ. ಆದರೆ ವಾದಕ್ಕೆ ಎದುರಿಗೊಬ್ಬರು ಬೇಕಲ್ಲ! ತಾನು ಹೇಳುವುದನ್ನು ಕೊನೆಯವರೆಗೂ ಕೇಳಿ ‘ಆಮೇಲೆ?’ ಎನ್ನುವ ಒಂದು ಜೀವ ಸಿಕ್ಕರೆ ಅವನಿಗೆ ಸಾಕಿತ್ತು.

ಹರಿಹರದಲ್ಲಿ ಅವನೊಂದಿಗೆ ನಾಲ್ಕು ಮಾತಾಡುತ್ತಿದ್ದವಳು ಬಸವಣ್ಣೆಮ್ಮ ಒಬ್ಬಳೇ. ಸ್ಟೇಷನ್ ರಸ್ತೆಯಲ್ಲಿ ಬುಟ್ಟಿ ಇಟ್ಟುಕೊಂಡು ಮಂಡಕ್ಕಿ ಮಾರುವ ಮುದುಕಿ. ರೈಲು ಬರುವವರೆಗೆ ಆತ ಅವಳ ಪಕ್ಕದ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ದೇವರ ವಿಷಯದಲ್ಲಿ ಅವನಿಗೆ ನೂರೆಂಟು ಅನುಮಾನ. ಆದರೂ ಮೊದಲ ಮುಷ್ಟಿ ಬಾಯಿಗೆ ಹೋಗುವ ಮುಂಚೆ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಯೇ ಹೋಗುತ್ತಿತ್ತು. ಲಿಂಗಕ್ಕೆ ತೋರಿಸದೆ ಉಣ್ಣಬಾರದೆಂದು ತಾಯಿ ಕಲಿಸಿದ್ದು. ಬುದ್ಧಿ ಮರೆತರೂ ಕೈ ಮರೆತಿರಲಿಲ್ಲ. ಬಸವಣ್ಣೆಮ್ಮ ಅದನ್ನು ಪ್ರತಿ ಸಲವೂ ನೋಡುತ್ತಿದ್ದಳು.

ರಷ್ಯಾದವರು ಮನುಷ್ಯನನ್ನು ಮೊದಲ ಸಲ ಆಕಾಶಕ್ಕೆ ಹಾರಿಸಿದ ವರ್ಷ. ಆ ಶ್ರಾವಣದಲ್ಲಿ ಹರಿಹರದ ಹೊಳೆದಂಡೆಯ ಮಠದಲ್ಲಿ ಪುರಾಣ ಹೇಳುತ್ತಿದ್ದ ಪುರಾಣಿಕರು ವಿಷಮಜ್ವರ ಹಿಡಿದು ಮಲಗಿಬಿಟ್ಟರು. ಮಠದ ಹಿರಿಯ, ಹತ್ತಿ ವ್ಯಾಪಾರಿ ಮುರುಗೇಶಪ್ಪ ಏಕಾಂತಪ್ಪನ ಕೋಣೆಗೇ ಬಂದ.

“ಮೇಷ್ಟ್ರೇ, ಪುರಾಣ ಅರ್ಧಕ್ಕೆ ನಿಲ್ಲಬಾರ್ದು. ನೀವು ಓದಿದೋರು. ಸಂಜಿಗೆ ಬಂದು ನಡೆಸಿಕೊಡ್ರಿ.”

“ಸಾವ್ಕಾರ್ರೆ, ನಾನು ಪುರಾಣಿಕ ಅಲ್ರಿ.”

“ಪುಸ್ತಕ ಐತಲ್ರಿ. ನೋಡ್ಕೊಂಡು ಹೇಳಿದ್ರಾತು.”

ದಿನಾ ಸಂಜೆ ರೈಲಿಗೆ ಹೋಗಿ, ಮೊದಲು ಕೆಲವು ದಿನ ನೋಡಿಕೊಂಡೇ ಹೇಳಿದ. ಜನ ಆಕಳಿಸಿದರು. ಒಂದು ಸಂಜೆ ಶರಣನೊಬ್ಬ ಬಯಲಲ್ಲಿ ಬಯಲಾದ ಪ್ರಸಂಗ ಮುಗಿಯಿತು. ಪುಸ್ತಕ ಅವನನ್ನು ಅಲ್ಲಿಗೇ ಬಿಟ್ಟು ಬೇರೊಬ್ಬ ಶರಣನ ಕಡೆಗೆ ತಿರುಗಿತ್ತು. ಆಗ ಹೆಂಗಸರ ಕಡೆಯಿಂದ ಒಂದು ದನಿ ಬಂತು.

“ಬಯಲಾಗಿ ಎಲ್ಲಿಗೆ ಹೋದನ್ರಿ? ಆಮೇಲೆ ಏನಾತು?”

ಕೇಳಿದವಳು ಬಸವಣ್ಣೆಮ್ಮ. ಏಕಾಂತಪ್ಪ ಹತ್ತಾರು ವರ್ಷ ಕಾದಿದ್ದ ಮಾತು ಅದು. ಅವನ ನಾಲಿಗೆ ಅವನ ಮಾತು ಕೇಳಲಿಲ್ಲ.

ಶರಣ ಲೋಹದ ವಿಮಾನವೇರಿ ಹೋದ ಎಂದ. ಚಂದ್ರನನ್ನು ದಾಟಿದ, ಸೂರ್ಯ ಚಿಕ್ಕದಾಗಿ ಒಂದು ಚುಕ್ಕಿಯಾದ. ಅಲ್ಲಿ ಯಾವುದಕ್ಕೂ ತೂಕವಿಲ್ಲ. ಪೂಜೆಗೆ ಅಂಗೈಯಲ್ಲಿ ಇಟ್ಟುಕೊಂಡ ಲಿಂಗ ಕೈಬಿಟ್ಟು ತೇಲಿತು, ಶರಣ ತಾನೂ ತೇಲುತ್ತ ಹೋಗಿ ಅದನ್ನು ಹಿಡಿದ. ಹಗಲು ರಾತ್ರಿ ಇಲ್ಲದ ಕಡೆ ಪೂಜೆಯ ಹೊತ್ತು ಯಾವುದು? ಹಸಿವಾದಾಗ ಎಂದು ಶರಣ ಗೊತ್ತು ಮಾಡಿಕೊಂಡ. ಆಕಳಿಸುತ್ತಿದ್ದ ಜನ ಉಸಿರು ಬಿಗಿಹಿಡಿದು ಕೂತರು. ಮರುದಿನ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಕಾಂತಪ್ಪನಿಗೆ ಆ ದಿನಗಳಲ್ಲಿ ಆದ ಸಂತೋಷ ಜೀವಮಾನದಲ್ಲಿ ಮತ್ತೆ ಆಗಲಿಲ್ಲ.

ಕತೆಯ ಕೊನೆ ಹೀಗಿತ್ತು. ವಿಮಾನದ ವೇಗಕ್ಕೆ ಕಾಲವೇ ನಿಧಾನವಾಗಿ ಶರಣನಿಗೆ ಕಳೆದದ್ದು ಕೆಲವೇ ವರ್ಷ, ಭೂಮಿಯಲ್ಲಿ ತಲೆಮಾರುಗಳೇ ಕಳೆದಿದ್ದವು. ತಿರುಗಿ ಬಂದವನನ್ನು ಕಂಡು ಅವನ ಊರಿನವರೇ ಇವನ್ಯಾರೋ ಪರದೇಶಿ ಎಂದು ಬಾಗಿಲು ಹಾಕಿಕೊಂಡರು. ಶರಣ ಹೊಳೆದಂಡೆಯಲ್ಲಿ ಒಬ್ಬನೇ ಕೂತ. ಇದನ್ನು ಕೇಳಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಪುರಾಣದ ಮಂಗಲದ ದಿನ ಪುಸ್ತಕಕ್ಕೆ ಪೂಜೆ ಮಾಡಿ, ಪಲ್ಲಕ್ಕಿಯಲ್ಲಿಟ್ಟು ಊರೆಲ್ಲ ಮೆರೆಸುವುದು ಪದ್ಧತಿ. ವಸ್ತ್ರ ಸುತ್ತಿದ ಆ ಪುಸ್ತಕಕ್ಕೆ ಜನ ಹೂವು ಎರಚಿದರು, ಕಾಯಿ ಒಡೆದರು, ಮಕ್ಕಳ ಹಣೆ ಮುಟ್ಟಿಸಿದರು. ಆಕಾಶಕ್ಕೆ ಹೋದ ಶರಣನ ಒಂದು ಅಕ್ಷರವೂ ಅದರೊಳಗಿರಲಿಲ್ಲ. ತನ್ನ ಕತೆಗೆ ಸಂದ ಮೆರವಣಿಗೆಯ ಹಿಂದೆ ಏಕಾಂತಪ್ಪ ಯಾರೋ ಎಂಬಂತೆ ನಡೆದ. ಅದು ನಂದು ಎಂದು ಕೂಗಬೇಕೆನಿಸಿತು. ಕೂಗಿದರೆ ಪುರಾಣ ಸುಳ್ಳಾಗುತ್ತಿತ್ತು, ಬಾಯಿ ಮುಚ್ಚಿಕೊಂಡ.

ಸ್ಟೇಷನ್ ರಸ್ತೆಯಲ್ಲಿ ಬಸವಣ್ಣೆಮ್ಮ ಅವನ ಕೈಗೆ ಮಂಡಕ್ಕಿ ಹಾಕಿದಳು.

“ಮೇಷ್ಟ್ರೇ, ಆ ಪುರಾಣ ಬರೆದೋರು ಕಲ್ಲು ಮನಸಿನೋರು ಬಿಡ್ರಿ. ಅಷ್ಟು ದೂರ ಹೋಗಿ ಬಂದೋನ್ನ ಒಬ್ಬರಾದ್ರೂ ಗುರ್ತು ಹಿಡೀಬಾರ್ದಾ?”

ಅವನಿಗೆ ತಡೆಯಲಾಗಲಿಲ್ಲ. “ಅವ್ವಾ, ಅದು ಪುಸ್ತಕದಾಗಿಲ್ಲ. ನಾನೇ ಕಟ್ಟಿದ್ದು.”

ಮುದುಕಿ ಬೈಯುತ್ತಾಳೆಂದು ಅವನು ಕಾದ.

“ನಿಮ್ಮದೇ ಆದ್ರೆ ಬದಲ್ ಮಾಡ್ರಿ ಮತ್ತೆ. ಅದಕ್ಕೇನು ಕಷ್ಟ? ಅವ್ನು ಹೊಳಿದಂಡ್ಯಾಗ ಒಬ್ಬನೇ ಕುಂತಿರೋದು ನಂಗೆ ನಿದ್ದಿ ಕೊಡವಲ್ದು. ಮುಂದಿನ ವಾರ ಬಂದು ಹೇಳ್ರಿ.”

ಏಕಾಂತಪ್ಪ ಆ ವಾರವೆಲ್ಲ ಬರೆದ, ಹರಿದ. ಯಾರು ಗುರುತು ಹಿಡಿಯಬೇಕು? ಏನು ನೋಡಿ? ಕಲ್ಲಿನ ದೇವರ ಅಳತೆ ಗೊತ್ತಿದ್ದವನಿಗೆ, ನಕ್ಷತ್ರಗಳ ದೂರ ಗೊತ್ತಿದ್ದವನಿಗೆ ಇದೊಂದು ಗೊತ್ತಾಗಲಿಲ್ಲ. ತನ್ನನ್ನು ಯಾರಾದರೂ ಗುರುತು ಹಿಡಿದಿದ್ದರಲ್ಲವೇ ತಿಳಿಯಲು!

ಅಷ್ಟರಲ್ಲಿ ಪುರಾಣಿಕರು ಎದ್ದು ಕೂತು, ಜನ ಹೊಗಳುತ್ತಿದ್ದ ಪ್ರಸಂಗವನ್ನು ಪುಸ್ತಕದಲ್ಲಿ ಹುಡುಕಿದರು. ಮುರುಗೇಶಪ್ಪ ಮತ್ತೆ ಕೋಣೆಗೆ ಬಂದ, ಈ ಸಲ ಕೂರಲಿಲ್ಲ.

“ನಂಬಿ ಪುಸ್ತಕ ಕೈಗೆ ಕೊಟ್ರೆ ಹಿಂಗ ಮಾಡೋದೇನ್ರಿ? ಇನ್ನು ಮಠದ ಕಡೆ ಬರಬ್ಯಾಡ್ರಿ.”

ಅವಮಾನಕ್ಕೆ ಆತ ಹರಿಹರಕ್ಕೆ ಹೋಗುವುದನ್ನೇ ಬಿಟ್ಟ. ಅರ್ಧವಾಗಿದ್ದ ಪ್ರಬಂಧ ಅರ್ಧದಲ್ಲೇ ಉಳಿಯಿತು. ಬಸವಣ್ಣೆಮ್ಮನಿಗೆ ಒಂದು ಕೊನೆ ಬಾಕಿ ಇದೆ ಎಂಬುದು ಮಾತ್ರ ಎದೆಯಲ್ಲಿ ಕುಟುಕುತ್ತಲೇ ಇತ್ತು. ಹೋಗೋಣವೆಂದರೆ ಹೇಳಲು ಏನೂ ಇರಲಿಲ್ಲ. ವರ್ಷದ ಮೇಲೆ ವರ್ಷ ಉರುಳಿದವು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ಬಂದ ವರ್ಷದ ಶ್ರಾವಣದಲ್ಲಿ ಏಕಾಂತಪ್ಪ ಮನಸ್ಸು ಗಟ್ಟಿ ಮಾಡಿ ರೈಲು ಹತ್ತಿದ. ಕೊನೆ ಸಿಗಲಿಲ್ಲ ಅವ್ವಾ ಎಂದಾದರೂ ಹೇಳಿ ಬರಬೇಕಿತ್ತು. ಸ್ಟೇಷನ್ ರಸ್ತೆಯಲ್ಲಿ ಬುಟ್ಟಿ ಇರಲಿಲ್ಲ. ಎದುರಿನ ಬಳೆ ಅಂಗಡಿಯ ರೌಫ್ ಹೇಳಿದ: “ಅಜ್ಜಿ ಹೋದ ಚಳಿಗಾಲದಾಗ ತೀರ್ಕೊಂಡ್ರು ಸಾಬ್.”

ಕಾಲು ಎಳೆದ ಕಡೆ ನಡೆದ. ಅದು ಮಠಕ್ಕೆ ಎಳೆಯಿತು. ಕೂದಲು ನೆರೆತ ಅವನ ಗುರುತು ಯಾರಿಗೂ ಸಿಗಲಿಲ್ಲ, ಹಿಂದಿನ ಕಂಬಕ್ಕೆ ಒರಗಿ ಕೂತ. ಹೊಸ ಪುರಾಣಿಕ ಪುಸ್ತಕ ಮುಚ್ಚಿಟ್ಟು ಹೇಳುತ್ತಿದ್ದ: “ಇದು ಪುಸ್ತಕದಾಗಿಲ್ಲ, ನಿಮ್ಮೂರ ಹೆಣ್ಣುಮಕ್ಕಳ ಬಾಯಾಗೈತೆ. ಚಂದ್ರನ್ನ ದಾಟಿ ಹೋದ ಶರಣನ ಕತೆ.”

ಏಕಾಂತಪ್ಪ ಕೇಳಿದ. ಲಿಂಗ ತೇಲಿತು, ಸೂರ್ಯ ಚುಕ್ಕಿಯಾದ, ಊರು ಬಾಗಿಲು ಹಾಕಿಕೊಂಡಿತು. ಶರಣ ಹೊಳೆದಂಡೆಯಲ್ಲಿ ಕೂತ. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ.

“ಅಲ್ಲೊಬ್ಬಾಕಿ ಮಂಡಕ್ಕಿ ಮಾರೋ ಮುದುಕಿ. ಪಾಪ ಯಾರೋ ಹಸಿದಾನೆ ಅಂತ ಒಂದು ಮುಷ್ಟಿ ಕೊಟ್ಟಳು. ಅವ್ನು ಅದನ್ನ ಎದೆಗೆ ಮುಟ್ಟಿಸಿ ಬಾಯಿಗೆ ಹಾಕ್ಕೊಂಡ. ಮುದುಕಿ ಎದ್ದು ನಿಂತು ಊರಿಗೆಲ್ಲ ಕೇಳಂಗೆ ಕೂಗಿದಳು: ಬಾಗಿಲು ತೆಗೀರೋ, ಈತ ನಮ್ಮೋನು!”

ಏಕಾಂತಪ್ಪ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಪಕ್ಕದಲ್ಲಿದ್ದ ರೈತ ಅವನ ಭುಜ ಮುಟ್ಟಿದ.

“ಯಾಕ್ರಿ ಯಜಮಾನ್ರೆ? ಈ ಕತೆ ಮೊದಲ ಸಲ ಕೇಳಿದ್ರೇನು?”

“ಕೊನೆ ಮಾತ್ರ ಮೊದಲ ಸಲ ಕೇಳಿದೆ ಕಣ್ರಿ.”

ಮಂಗಳಾರತಿಯಾಯಿತು. ಪ್ರಸಾದವೆಂದು ಎಲ್ಲರ ಬೊಗಸೆಗೂ ಮಂಡಕ್ಕಿ ಬಿತ್ತು. ಏಕಾಂತಪ್ಪನ ಕೈ ಎದೆಗೆ ಮುಟ್ಟಿ ಬಾಯಿಗೆ ಹೋಯಿತು. ಅಲ್ಲಿದ್ದವರೆಲ್ಲ ಹಾಗೆಯೇ ಮಾಡುವವರಾದ್ದರಿಂದ ಯಾರೂ ಅವನನ್ನು ಗಮನಿಸಲಿಲ್ಲ.