ನಾಲ್ಕು ಮೂಲೆಗೆ ಅರಿಶಿನ

ಅಮೆರಿಕದ ವೀಸಾ ಕಚೇರಿಗೆ ಹೋಗಬೇಕಿದ್ದ ಕಾಗದವನ್ನು ದೇವರ ಮುಂದಿಟ್ಟು, ನಮ್ಮಜ್ಜಿ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಬಿಟ್ಟಿದ್ದರು!

ಅದು ಅರವತ್ತರ ದಶಕ. ಜಯನಗರದ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಡಾಕ್ಟರಮ್ಮನಿಗಾಗಿ ಅಪ್ಪ ಟೈಪ್ ಮಾಡಿಸಿ ತಂದಿದ್ದ ಕಾಗದ. ತರಬೇತಿ ವೀಸಾದಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ ದುಡಿದು ಬಂದಿದ್ದ ಆಕೆ, ಕಾಯಂ ನೆಲೆಸುವ ವೀಸಾ ಕೇಳುವ ಮೊದಲು ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕಿತ್ತು. ಹಾಗೆ ಇದ್ದರು ಎನ್ನುವುದಕ್ಕೆ ಆ ಕಾಗದದಲ್ಲಿ ಮನೆ ಮಾಲೀಕರಾದ ಅಪ್ಪನ ಸಹಿ.

“ಶುಭಕಾರ್ಯದ ಕಾಗದ ಬೋಳು ಮೂಲೇಲಿ ಹೋಗ್ಬಾರ್ದು ಕಣೋ,” ಎಂದು ಅಜ್ಜಿ ಅಪ್ಪನನ್ನೇ ಗದರಿದರು. ಅಪ್ಪನಿಗೆ ಬೆವರಿಳಿಯಿತು. ಬೇರೆ ಟೈಪ್ ಮಾಡಿಸುತ್ತೇನೆಂದು ಚಪ್ಪಲಿ ಮೆಟ್ಟಿದರು.

ಎರಡು ವರ್ಷ ದಿನ ಎಣಿಸಿದ್ದ ಡಾಕ್ಟರಮ್ಮ ಸಿಟ್ಟಾಗುತ್ತಾರೆಂದೇ ನಾನು ಕಾದೆ. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

“ಬೇಡ ಸಾರ್, ಹೀಗೇ ಕಳಿಸ್ತೀನಿ. ನಾನು ಇಲ್ಲೇ ಇದ್ದೆ ಅನ್ನೋಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?”

ವೀಸಾ ಬಂತು, ಡಾಕ್ಟರಮ್ಮ ಹೋದರು. ಆ ಕಾಗದ ಬಿಡಿಸಿದ ಅಧಿಕಾರಿಯ ಬೆರಳಿಗೂ ಒಂದಿಷ್ಟು ಅರಿಶಿನ ಅಂಟಿರಲೇಬೇಕು. ಅದನ್ನವನು ಏನೆಂದುಕೊಂಡು ಒರೆಸಿಕೊಂಡನೋ, ನನಗೆ ಇವತ್ತಿಗೂ ಕುತೂಹಲ.