ಹದಿನಾಲ್ಕನೇ ಹಾಳೆಯ ನದಿ

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದಾಗ ಆಕೆಗೆ ಹತ್ತೊಂಬತ್ತು, ಅಕ್ಕ ಎನ್ನಿಸಿಕೊಳ್ಳುವ ವಯಸ್ಸೇನೂ ಅಲ್ಲ. ಆದರೆ ಆಕೆ ಎಳೆದ ಗೆರೆ ನೋಡಿದವರಿಗೆ ಬರೀ ಹೆಸರು ಹಿಡಿದು ಕರೆಯಲು ಬಾಯಿ ಬರುತ್ತಿರಲಿಲ್ಲ. ಅಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಹತ್ತು ವರ್ಷದವಳಿದ್ದಾಗಿನಿಂದ ಏಣಿಯ ಕೆಳಮೆಟ್ಟಿಲಿನ ಮೇಲೆ ನಿಂತು ಅಪ್ಪ ಬರೆದ ಅಕ್ಷರಗಳ ಅಂಚು ತುಂಬಿದ ಕೈ ಅದು. ಪಕ್ಕದಲ್ಲಿ ಯಾರು ಸೀನಿದರೂ ಕದಲುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ಸೈನ್ಯದವರು ಊರಿನ ಜವಳಿ ಗೋದಾಮೊಂದನ್ನು ಖಾಲಿ ಮಾಡಿಸಿ, ಅಲ್ಲಿ ನಕ್ಷೆ ಬರೆಯುವ ಕಚೇರಿ ತೆರೆದರು. ಕೈ ನಡುಗದವರು ಬೇಕು ಎಂದು ಗೋಡೆಗೆ ಕಾಗದ ಅಂಟಿಸಿದರು. ಪರೀಕ್ಷೆ ಬಹಳ ಸರಳ: ಕೂದಲಷ್ಟು ಅಂತರದ ಎರಡು ಗೆರೆಗಳ ನಡುವೆ ಮೂರನೆಯದೊಂದು ಎಳೆಯಬೇಕು, ಎರಡಕ್ಕೂ ತಾಗಬಾರದು. ಇಪ್ಪತ್ತಾರು ಜನ ಬಂದಿದ್ದರು, ಬಹುಪಾಲು ಗಂಡಸರು. ಆಕೆ ಮೂರನೆಯ ಗೆರೆಯ ಪಕ್ಕಕ್ಕೆ ನಾಲ್ಕನೆಯದನ್ನೂ ಎಳೆದು ಕೊಟ್ಟಳು.

ಪರೀಕ್ಷೆ ನಡೆಸಿದ ಕ್ಯಾಪ್ಟನ್ ಯುದ್ಧಕ್ಕೆ ಮುಂಚೆ ಭೂಗೋಳ ಪಾಠ ಮಾಡುತ್ತಿದ್ದವನು. ಸಮವಸ್ತ್ರ ತೊಟ್ಟರೂ ಮೇಷ್ಟ್ರ ಗತ್ತು ಹೋಗಿರಲಿಲ್ಲ, ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವನು ಕಾಗದವನ್ನು ಬೆಳಕಿಗೆ ಹಿಡಿದು, "ಕೇಳಿದ್ದಕ್ಕಿಂತ ಜಾಸ್ತಿ ಬರೆದ್ರೆ ಅಂಕ ಕಳೀತೀನಿ. ನಾಳೆಯಿಂದ ಬಾಮ್ಮ" ಎಂದ.

ಕೆಲಸದಲ್ಲಿ ಗಲಾಟೆಯಿರಲಿಲ್ಲ. ವಿಮಾನದಿಂದ ತೆಗೆದ ಚಿತ್ರಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಎರಡೆರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಜೋಡಿ ಭೂತಗನ್ನಡಿಯಲ್ಲಿ ಕಣ್ಣು ನೆಟ್ಟರೆ ಗುಡ್ಡಗಳು ಮೇಲೆದ್ದು, ಹಳ್ಳಗಳು ಕೆಳಗಿಳಿದು ನಿಲ್ಲುತ್ತಿದ್ದವು. ಅದನ್ನು ಮೊದಲು ನೀಲಿ ಪೆನ್ಸಿಲ್ಲಿನಲ್ಲಿ ಗುರುತಿಸಿ, ಆಮೇಲೆ ಕಪ್ಪು ಶಾಯಿಯಲ್ಲಿ ಬರೆಯಬೇಕು. ಅಚ್ಚಿನ ಕ್ಯಾಮೆರಾಕ್ಕೆ ಆ ನೀಲಿ ಬಣ್ಣ ಕಾಣುವುದಿಲ್ಲ, ಕಪ್ಪು ಮಾತ್ರ ಅಚ್ಚಾಗುತ್ತದೆ. ಕಚೇರಿಗೆ ಬಂದ ಮೊದಲ ದಿನವೇ ಎಲ್ಲರಿಗೂ ಹೇಳಿಕೊಡುತ್ತಿದ್ದ ಪಾಠ ಇದು. ಇನ್ನೊಂದು ನಿಯಮವೂ ಇತ್ತು. ಗೆರೆಗಳನ್ನು ಬರೆಯುವವರೇ ಬರೆಯಬಹುದು, ಆದರೆ ಮಾತೊಂದನ್ನು ಶಾಯಿಯಲ್ಲಿ ಸೇರಿಸಬೇಕಾದರೆ ಮೇಷ್ಟ್ರ ಸಹಿ ಬೇಕು.

ಮೂರನೇ ವರ್ಷ ಆಕೆಯ ಮೇಜಿಗೆ ಹದಿನಾಲ್ಕನೇ ಹಾಳೆ ಬಂತು. ಅಗಲವಾದ ಒಂದು ನದಿ, ಒಂದು ಕಡೆ ನೀರಿನ ನಡುವೆ ಬೆಳ್ಳನೆಯ ಮರಳಿನ ಪಟ್ಟಿ, ಎರಡೂ ದಡದಲ್ಲಿ ಗಾಡಿ ಓಡಾಡಿದ ಜಾಡು. ನಡೆದು ದಾಟುವ ಜಾಗ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆಕೆ ಅಲ್ಲಿ ಚುಕ್ಕಿಗೆರೆ ಎಳೆದಳು. ಆಮೇಲೆ ಚಿತ್ರದ ಹಿಂದಿನ ತಾರೀಕು ನೋಡಿದಳು, ಮೂರು ವಾರ ಹಳೆಯದು. ಅವತ್ತಿನ ಹವಾಮಾನದ ಚೀಟಿಯಲ್ಲಿ ಆ ನದಿ ಹುಟ್ಟುವ ಬೆಟ್ಟಗಳಲ್ಲಿ ಎಂಟು ದಿನದಿಂದ ಮಳೆ ಎಂದಿತ್ತು. ಚುಕ್ಕಿಗೆರೆಯ ಪಕ್ಕದಲ್ಲಿ ನೀಲಿ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಳು: 'ಚಿತ್ರ ಮಳೆಗೆ ಮುಂಚಿನದು. ಈಗಿನ ಆಳ ಗೊತ್ತಿಲ್ಲ.'

ಸಹಿ ಹಾಕಬೇಕಾದ ಮೇಷ್ಟ್ರು ಅವತ್ತು ಮುಖ್ಯ ಕಚೇರಿಗೆ ಹೋಗಿದ್ದ. ಮಧ್ಯಾಹ್ನ ಅಚ್ಚಿನ ಮನೆಯವನು ಬಂದು ಬಾಗಿಲಲ್ಲಿ ನಿಂತ.

"ಗೆರೆಯಕ್ಕ, ಹಾಳೆ ಕೊಡಿ. ಲಾರಿ ನಿಂತಿದೆ."

"ಒಂದು ಮಾತು ಶಾಯಿಯಲ್ಲಿ ಬರೀಬೇಕು. ಮೇಷ್ಟ್ರು ಬರಲಿ."

"ಅವರು ಬರೋದು ನಾಳೆ. ಹಾಳೆ ಹೋಗಬೇಕಾದ್ದು ಇವತ್ತು. ನಂಗೆ ಬೈಗುಳ ತಿನ್ನಿಸಬೇಡಿ."

ಆಕೆ ಹಾಳೆಯನ್ನು ಸುರುಳಿ ಸುತ್ತಿ ಕೊಟ್ಟಳು.

ಒಂಬತ್ತು ದಿನದ ಮೇಲೆ ಒಂದು ಸಾಲಿನ ಆದೇಶ ಬಂತು: ಹದಿನಾಲ್ಕನೇ ಹಾಳೆ ವಾಪಸು, ಚುಕ್ಕಿಗೆರೆ ತೆಗೆದು ಹೊಸದಾಗಿ ಅಚ್ಚು ಹಾಕುವುದು. ಗೆರೆಯಕ್ಕ ಆದೇಶ ಹಿಡಿದುಕೊಂಡೇ ಮೇಷ್ಟ್ರ ಮೇಜಿನ ಹತ್ತಿರ ಹೋದಳು. "ಏನಾಯ್ತು ಸಾರ್ ಅಲ್ಲಿ?" ಎಂದು ಕೇಳಿದಳು. ಮೇಷ್ಟ್ರು ತಲೆ ಎತ್ತಲಿಲ್ಲ. "ಯುದ್ಧ ಅಂದ್ಮೇಲೆ ಹಾಳೆ ಬದಲಾಗ್ತಾನೇ ಇರುತ್ತೆ. ನಿನ್ನ ಕೆಲಸ ನೋಡಮ್ಮ" ಎಂದ. ಆಕೆ ಬ್ಲೇಡಿನ ಮೊನೆಯಿಂದ ಚುಕ್ಕಿಗಳನ್ನು ಒಂದೊಂದಾಗಿ ಕೆರೆದು ತೆಗೆದಳು, ಒಟ್ಟು ಹದಿನೇಳು ಚುಕ್ಕಿ.

ಯುದ್ಧ ಮುಗಿಯಿತು. ಗೋದಾಮಿಗೆ ಮತ್ತೆ ಜವಳಿ ಬಂತು. ಆಕೆಗೆ ನಗರಸಭೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬರೆಯಬೇಕಾದದ್ದು ಒಳಚರಂಡಿಯ ನಕ್ಷೆ. "ಮೊದಲು ಆಕಾಶದಿಂದ ನೋಡಿ ಬರೀತಿದ್ದೆ, ಈಗ ಪಾತಾಳದಿಂದ" ಎಂದು ತಂಗಿಯ ಹತ್ತಿರ ಹೇಳಿ ನಗುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿಯಿತು, ಆಕೆ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ತಂಗಿ, ತಂಗಿಯ ಗಂಡ, ಅವರ ಮಗಳು ಇದ್ದ ಮನೆಯ ಮಹಡಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆಯಿತು.

ತಂಗಿಯ ಮಗಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ದಪ್ಪನೆಯ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟಳು. "ದೊಡ್ಡಮ್ಮ, ನಿಮ್ಮ ಯುದ್ಧದ್ದೇ ಕಥೆ. ಒಂದು ದಂಡಿನ ಪೂರ್ತಿ ಚರಿತ್ರೆ, ನಿವೃತ್ತ ಕರ್ನಲ್ ಒಬ್ಬರು ಬರೆದಿದ್ದು. ನಕ್ಷೆಗಳೂ ಇವೆ ನೋಡಿ."

ಗೆರೆಯಕ್ಕ ಮೊದಲು ನಕ್ಷೆಗಳನ್ನೇ ನೋಡಿದಳು. ಮುನ್ನೂರ ಆರನೇ ಪುಟದಲ್ಲಿ ಆ ನದಿಯ ತಿರುವು ಕಂಡಿತು. ಪಕ್ಕದ ಪುಟ ಓದಿದಳು. ನಸುಕಿನಲ್ಲಿ ಒಂದು ತುಕಡಿ ನಕ್ಷೆಯನ್ನು ನಂಬಿ ನದಿಗಿಳಿಯಿತು. ನಡುನೀರಿನಲ್ಲಿ ನೆಲ ಸಿಗಲಿಲ್ಲ. ಬೆನ್ನಿನ ಹೊರೆಯೇ ಎಳೆದುಕೊಂಡು ಮೂವತ್ತೊಂದು ಜನ ಮುಳುಗಿದರು. 'ಇದಕ್ಕೆ ನಕ್ಷೆ ಕಚೇರಿಯ ಕೆಲಸಗಾರನೊಬ್ಬನ ಅಜಾಗರೂಕತೆಯೇ ಕಾರಣ.'

ಕೆಲಸಗಾರನೊಬ್ಬ ಎಂದದ್ದಕ್ಕೆ ಆಕೆಗೆ ಒಂದು ಗಳಿಗೆ ನಗು ಬಂತು. ಆಮೇಲೆ ಮೂವತ್ತೊಂದು ಎಂಬ ಅಂಕಿಯ ಮೇಲೆ ಬೆರಳಿಟ್ಟುಕೊಂಡು ಹಾಗೇ ಕುಳಿತಳು. ತಂಗಿ ಊಟಕ್ಕೆ ಎರಡು ಸಲ ಕೂಗಿ, ಕೊನೆಗೆ ಮೇಲೆ ಬಂದಳು.

"ಏನಕ್ಕ, ಮುಖ ಹೀಗಾಗಿದೆ?"

"ಆ ಹಾಳೆ ಬರೆದಿದ್ದು ನಾನು."

ತಂಗಿ ಓದಿದಳು. "ಯಾವ ಕಾಲದ್ದು ಬಿಡಕ್ಕ. ನಿನ್ನ ಹೆಸರೇನೂ ಹಾಕಿಲ್ವಲ್ಲ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತಲ್ಲೇ" ಎಂದಳು ಗೆರೆಯಕ್ಕ.

ಪುಸ್ತಕ ಬರೆದ ಕರ್ನಲ್‌ಗೆ ಮರುದಿನವೇ ಕಾಗದ ಹಾಕಿದಳು. ಹಾಳೆಯ ಮೇಲೆ ಎಚ್ಚರಿಕೆಯ ಮಾತೊಂದನ್ನು ಬರೆದಿದ್ದೆ, ಮೂಲ ಹಾಳೆ ಉಳಿದಿದ್ದರೆ ಒಮ್ಮೆ ನೋಡಬೇಕು ಎಂದಷ್ಟೇ ಬರೆದು, ಕೆಳಗೆ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಹಾಕಿದಳು. ಹದಿನೈದು ದಿನದಲ್ಲಿ ಉತ್ತರ ಬಂತು. ದಾಖಲೆ ಕಚೇರಿಯ ನೆಲಮಾಳಿಗೆಯಲ್ಲಿ ಇಬ್ಬರೂ ಭೇಟಿಯಾದರು. ಕರ್ನಲ್ ಅರವತ್ತು ದಾಟಿದ, ಕೋಲಿನ ಹಾಗೆ ನೆಟ್ಟಗಿದ್ದ ಮನುಷ್ಯ. ಹೆಂಗಸನ್ನು ನೋಡಿ ಎದ್ದು ನಿಂತು, "ಕ್ಷಮಿಸಿ, ನಾನು ಗಂಡಸರು ಅಂದ್ಕೊಂಡಿದ್ದೆ" ಎಂದರು. "ಪುಸ್ತಕದಲ್ಲಿ ನೋಡಿದೆ" ಎಂದಳು ಆಕೆ.

ದಾಖಲೆಯವನು ಉದ್ದನೆಯ ಡಬ್ಬಿಯಿಂದ ಸುರುಳಿ ತೆಗೆದು ಹರಡಿದ. ಹಾಳೆ ಹಳದಿ ತಿರುಗಿತ್ತು. ಚುಕ್ಕಿಗಳನ್ನು ಕೆರೆದಿದ್ದ ಜಾಗ ಒರಟಾಗಿತ್ತು. ಪಕ್ಕದಲ್ಲಿ ನೀಲಿ ಅಕ್ಷರಗಳು ಮಾಸಿದ್ದರೂ ಇದ್ದವು. ಕರ್ನಲ್ ಬಗ್ಗಿ ಗಟ್ಟಿಯಾಗಿ ಓದಿದರು. ಅವರ ಮುಖ ಸಡಿಲವಾಯಿತು.

"ಬರೆದಿದ್ದೀರಲ್ಲ! ಹಾಗಾದ್ರೆ ತಪ್ಪು ನಿಮ್ದಲ್ಲ. ಮುಂದಿನ ಮುದ್ರಣದಲ್ಲಿ ಆ ಸಾಲು ತೆಗೆದುಬಿಡ್ತೀನಿ."

ಅಲ್ಲಿಗೆ ಮಾತು ನಿಂತಿದ್ದರೆ ಆಕೆ ಗೆದ್ದು ಮನೆಗೆ ಬರಬಹುದಿತ್ತು. ಆದರೆ ಕಡ್ಡಿ ಮುರಿದ ಹಾಗೆ ಹೇಳಿದಳು: "ನೀಲಿ ಅಚ್ಚಿಗೆ ಬರಲ್ಲ. ಅದು ನಂಗೆ ಗೊತ್ತಿತ್ತು. ಶಾಯಿಯಲ್ಲಿ ಬರೆಯೋಕೆ ಸಹಿ ಬೇಕಿತ್ತು, ಸಹಿ ಇರಲಿಲ್ಲ. ಸಹಿ ಇಲ್ಲದೇನೇ ಬರೀಬಹುದಿತ್ತು. ಇಲ್ಲಾ ಹಾಳೆ ಕೊಡಲ್ಲ ಅನ್ನಬಹುದಿತ್ತು. ಎರಡೂ ಮಾಡಲಿಲ್ಲ. ಬರೆಯೋದಾದ್ರೆ ಅಷ್ಟೂ ಬರೀರಿ."

ಕರ್ನಲ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ದಾಖಲೆಯವನನ್ನು ಒಂದು ನಿಮಿಷ ಹೊರಗಿರಲು ಹೇಳಿದರು.

"ಆ ತುಕಡೀನ ನೀರಿಗಿಳಿಸಿದ್ದು ನಾನು" ಎಂದರು. "ಹಿಂದಿನ ದಿನ ಇಬ್ಬರನ್ನ ನೋಡ್ಕೊಂಡು ಬರೋಕೆ ಕಳಿಸಿದ್ದೆ. ನೀರು ಏರಿದೆ, ಎದೆಮಟ್ಟ ಇದೆ, ಮುಂದೆ ಹೋಗೋಕೆ ಆಗಲಿಲ್ಲ ಅಂದ್ರು. ಹೆದರಿ ದಡದಲ್ಲೇ ನಿಂತು ಬಂದಿದ್ದಾರೆ ಅಂದ್ಕೊಂಡೆ. ನಕ್ಷೆಯಲ್ಲಿ ಗೆರೆ ಅಷ್ಟು ಸ್ಪಷ್ಟವಾಗಿತ್ತಮ್ಮ. ಅದನ್ನ ನೋಡಿದ ಮೇಲೆ ಅವರಿಬ್ಬರ ಮಾತು ನಂಬೋಕೆ ಆಗಲಿಲ್ಲ."

"ಪುಸ್ತಕದಲ್ಲಿ ಅದಿಲ್ಲ."

"ಇಲ್ಲ. ಬರೆದಿದ್ದೆ, ಆಮೇಲೆ ಹರಿದು ಹಾಕಿದೆ."

ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಕೊನೆಗೆ ಆಕೆ, "ಮತ್ತೆ ಬರೀತೀರಾ?" ಎಂದು ಕೇಳಿದಳು. "ಬರೀತೀನಿ" ಎಂದರು. "ಆದ್ರೆ ಆ ಪುಟಕ್ಕೊಂದು ಸರಿಯಾದ ನಕ್ಷೆ ಬೇಕು. ನೀವೇ ಬರೆದುಕೊಡಬೇಕು."

ಅಂದಿನ ತುಕಡಿಯಲ್ಲಿ ಉಳಿದವರ ಪೈಕಿ ಏಳು ಮಂದಿ ಸಿಕ್ಕರು. ಕರ್ನಲ್ ಮನೆಯ ಊಟದ ಮೇಜಿನ ಮೇಲೆ ದೊಡ್ಡ ಬಿಳಿ ಹಾಳೆ ಹರಡಿ ಎಲ್ಲರೂ ಸುತ್ತ ಕುಳಿತರು. ಹಾಳೆ ಬರೆದವಳು ಇವಳೇ ಎಂದು ಕರ್ನಲ್ ಮೊದಲೇ ಹೇಳಿಬಿಟ್ಟಿದ್ದರು, ನೀರು ನೋಡಿಬಂದ ಇಬ್ಬರ ಮಾತನ್ನು ತಾವು ನಂಬದೆ ಹೋದದ್ದನ್ನೂ ಹೇಳಿದ್ದರು. ಒಬ್ಬ, ತಮ್ಮನನ್ನು ಆ ನೀರಿನಲ್ಲಿ ಕಳೆದುಕೊಂಡವನು, ಅಷ್ಟು ಕೇಳಿ ಎದ್ದು ಹೋದ. ಅವನನ್ನು ಯಾರೂ ತಡೆಯಲಿಲ್ಲ. ಆರು ಮಂದಿ ಉಳಿದರು.

ಆಳ ಎಷ್ಟೆಂದು ಅಡಿಯ ಲೆಕ್ಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಮೊಣಕಾಲು, ಇಲ್ಲಿ ಸೊಂಟ, ಇಲ್ಲಿ ಕುತ್ತಿಗೆ ಎಂದು ಬೆರಳಿಟ್ಟು ತೋರಿಸಿದರು. "ಅಲ್ಲಿ ಸೊಂಟದ ತನಕ ಅಷ್ಟೇ" ಎಂದ ಒಬ್ಬ. "ನಿನಗೆ ಸೊಂಟ ಇದ್ದದ್ದು ನನಗೆ ಗಲ್ಲ ಕಣೋ, ನೀನು ತೆಂಗಿನಮರ" ಎಂದ ಪಕ್ಕದ ಕುಳ್ಳ. ಗೆರೆಯಕ್ಕ ಇಬ್ಬರನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿ, ಟೇಪು ಹಿಡಿದು ಸೊಂಟವನ್ನೂ ಗಲ್ಲವನ್ನೂ ಅಳೆದಳು. ಎರಡೂ ನಾಲ್ಕು ಅಡಿಯ ಹತ್ತಿರ ಬಂತು. ಹಾಗೆ ಮೂರು ಭಾನುವಾರ ಕೂತು ನದಿಯ ತಳ ಬರೆದಳು. ಮಾತುಗಳನ್ನೆಲ್ಲ ಶಾಯಿಯಲ್ಲೇ ಬರೆದಳು.

ಎರಡನೇ ಮುದ್ರಣದಲ್ಲಿ ಮುನ್ನೂರ ಆರನೇ ಪುಟ ಎರಡು ಪುಟವಾಯಿತು. ನೀರು ನೋಡಿಬಂದ ಇಬ್ಬರ ಮಾತು, ಕರ್ನಲ್ಲರ ಅಪನಂಬಿಕೆ, ಹಾಳೆಯಲ್ಲೇ ಉಳಿದುಹೋದ ಎಚ್ಚರಿಕೆ, ಮೂರೂ ಹೆಸರಿನ ಸಮೇತ ಬಂದವು. ಕರ್ನಲ್ಲರ ಕೆಲವು ಹಳೆಯ ಸ್ನೇಹಿತರು ಅವರ ಮನೆಗೆ ಬರುವುದನ್ನು ಬಿಟ್ಟರು. ಎದ್ದು ಹೋಗಿದ್ದವನು ಪುಸ್ತಕದ ಒಂದು ಪ್ರತಿ ತರಿಸಿಕೊಂಡನೆಂದು ಗೆರೆಯಕ್ಕನಿಗೆ ಗೊತ್ತಾಯಿತು, ಅವನಿಂದ ಕಾಗದ ಮಾತ್ರ ಬರಲಿಲ್ಲ.

ಕೊನೆಯ ಭಾನುವಾರ ಪೆನ್ನುಗಳನ್ನು ತೊಳೆದಿಡುತ್ತಿದ್ದಾಗ ಆ ಕುಳ್ಳ ಕೇಳಿದ್ದ: "ಅಕ್ಕ, ನೀವು ಆ ನದೀನ ಯಾವತ್ತಾದ್ರೂ ನೋಡಿದ್ದೀರಾ?"

"ಇಲ್ಲಪ್ಪ."

"ಕಂದು ಬಣ್ಣ" ಎಂದ ಅವನು. "ಅವತ್ತು ಅಂತೂ ಪೂರ್ತಿ ಕಂದು. ಸದ್ದೇ ಇರಲಿಲ್ಲ."