ಕುದುರೆ ಎರಡು, ಮೀಸೆ ಒಂದು

ಒಬ್ಬರೇ ಪಳಗಿಸಿದ ಎರಡು ಕುದುರೆಗಳನ್ನು ಬಾಜಿಯಲ್ಲಿ ಒಂದೇ ಎಂದು ಹಿಡಿಯಬೇಕೋ, ಬೇರೆ ಬೇರೆ ಎಂದೋ? ಈ ಪ್ರಶ್ನೆಯನ್ನು ನಮ್ಮೂರ ಚಹಾದಂಗಡಿಯಲ್ಲಿ ಎತ್ತಿದ ಮಹಾ ಬುದ್ಧಿವಂತ ನಾನೇ. ಇವತ್ತಿಗೂ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕುಂದಗೋಳದ ಹತ್ತಿರದ ನಮ್ಮೂರಲ್ಲಿ ಗಾಡಿ ಓಟಕ್ಕೆ ಕುದುರೆ ಪಳಗಿಸುವವರೆಂದರೆ ನಮ್ಮಪ್ಪ ಒಬ್ಬರೇ. ಸುತ್ತಿನ ಊರಿನವರು ಅವರನ್ನು ಗುರುತಿಸುತ್ತಿದ್ದುದೇ ಅವರ ಗಿರಿಜಾ ಮೀಸೆಯಿಂದ. ಆ ವರ್ಷ ಅವರ ಕೈಯಲ್ಲಿ ಇಬ್ಬರು ಮಾಲೀಕರ ಎರಡು ಕುದುರೆ ಇದ್ದವು. ಒಂದು ಕೆಂಪು, ಒಂದು ಬಿಳಿ. ಓಟಕ್ಕೆ ಮೂರನೆಯದು ತಿರ್ಲಾಪುರದಿಂದ ಬಂದಿತ್ತು. ಮುದಿ ಕುದುರೆ, ಎಲುಬು ಎಣಿಸಬಹುದಿತ್ತು. ನಮ್ಮ ಓಣಿಯ ಟೇಲರ್ ಕಾಕಾ ಹಟಕ್ಕೆ ಬಿದ್ದು ಆ ಮುದುಕನ ಮೇಲೆ ತನ್ನ ಮೀಸೆಯನ್ನು ಬಾಜಿ ಕಟ್ಟಿದ. ನಾನು ಕೆಂಪಿನ ಮೇಲೆ ನನ್ನದನ್ನು ಕಟ್ಟಿದೆ. ಸೋತವನು ಅಲ್ಲೇ ಎಲ್ಲರ ಮುಂದೆ ಬೋಳಿಸಿಕೊಳ್ಳಬೇಕು. ಓಟ ಭಾನುವಾರ, ಸೋಮವಾರ ನಾನು ದುಮ್ಮವಾಡಕ್ಕೆ ಕನ್ಯೆ ನೋಡಲು ಹೋಗುವುದಿತ್ತು!

ಕಟ್ಟಿದ ಮೇಲೆ ಹೊಳೆಯಿತು: ಬಿಳಿ ಗೆದ್ದರೆ?

"ಕಾಕಾ, ಬಿಳಿ ಗೆದ್ರೂ ನಾ ಗೆದ್ದಂಗರಿ. ಎರಡಕ್ಕೂ ಕಲಿಸಿದ ಕೈ ಒಂದ."

"ಅಗದಿ ಶಾಣ್ಯಾ ಅದಿ ನೋಡಲೇ! ನನಗ ಒಂದ ಕುದುರಿ, ನಿನಗ ಎರಡೇನು? ಬಿಳಿದು ಗೆದ್ರ ಇಬ್ಬರೂ ಬೋಳಿಸೂಣು."

ಚಹಾ ಕುಡಿಯುತ್ತಿದ್ದ ನಿವೃತ್ತ ಹೆಡ್‌ಮಾಸ್ತರರು ತೀರ್ಪು ಕೊಟ್ಟರು: "ಕೈ ಒಂದ ಆದ್ರ ಲೆಕ್ಕಾನೂ ಒಂದ. ಗೆಲುವಿಗೂ ಒಂದ, ಸೋಲಿಗೂ ಒಂದ." ನಾನು ಹಿಗ್ಗಿ ಎಲ್ಲರಿಗೂ ಮಿರ್ಚಿ ಭಜಿ ಕೊಡಲು ಹೇಳಿದೆ. ಮೂಲೆಯಲ್ಲಿ ಕೂತ ಅಪ್ಪ ಮೀಸೆ ತಿರುವಿದರು.

ಓಟದಲ್ಲಿ ಕೆಂಪು, ಬಿಳಿ ಎರಡೂ ಮುಂದೆ. ಮುದುಕ ಎಲ್ಲೋ ಹಿಂದೆ ಧೂಳಿನಲ್ಲಿ. ಅರ್ಧ ದಾರಿಗೆ ಒಂದು ಬೇವಿನ ಗಿಡ. ಓಟ ನೋಡಲು ಅಪ್ಪ ಅದರ ಕೆಳಗೆ ನಿಂತಿದ್ದರು. ದಿನಾ ಮುಂಜಾನೆ ತಾಲೀಮು ಮುಗಿಸಿ ಅವರು ಕುದುರೆಗಳಿಗೆ ಬೆಲ್ಲ ತಿನ್ನಿಸುತ್ತಿದ್ದುದೂ ಅಲ್ಲೇ. ಅಪ್ಪನನ್ನು ಕಂಡದ್ದೇ ತಡ, ಎರಡೂ ಗಕ್ಕನೆ ನಿಂತವು! ಗಾಡಿ ಹೊಡೆಯುವವರು ಮುಗ್ಗರಿಸಿದರು. ಕೆಂಪು ಅಪ್ಪನ ಬಲಗಿಸೆಗೆ ಮೂತಿ ಹಾಕಿತು, ಬಿಳಿ ಎಡಗಿಸೆಗೆ.

"ಮುಂದ ನಡೀರಲೇ! ಬೆಲ್ಲಾ ಇಲ್ಲ ಇವತ್ತ!" ಎಂದು ಅಪ್ಪ ಕೂಗಿದರೆ ಎರಡೂ ಸೇರಿ ಅವರ ಟವೆಲ್ ಅಗಿಯತೊಡಗಿದವು. ತಿರ್ಲಾಪುರದ ಮುದುಕ ಸಂತೆಗೆ ಹೊರಟವನ ಹಾಗೆ ನಿಧಾನ ಬಂದು, ಇವರತ್ತ ಒಮ್ಮೆ ನೋಡಿ, ದಾಟಿ ಹೋಗಿ ಗೆದ್ದ.

ಹಜಾಮ ಅದೇ ಗಿಡದ ಕೆಳಗೆ ಕುರ್ಚಿ ಹಾಕಿದ. "ಕೂಡಪಾ ಮದಿಮಗಾ," ಎಂದ ಕಾಕಾ. ಕೂತೆ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸಿ ತಾವೇ ಕೂತರು.

"ಕೈ ಒಂದ ಆದ್ರ ಲೆಕ್ಕಾನೂ ಒಂದ ಅಂದ್ರೆಲ್ಲಾ ಮಾಸ್ತರ? ಈ ಮಗನ್ನೂ ಬೆಳಿಸಿದ ಕೈ ಇದ. ನಂದ ತಗೀರಿ."

ಮಾಸ್ತರರು ಕೆಮ್ಮಿ, ತೀರ್ಪಿನ ಪ್ರಕಾರ ಅದು ಸರಿಯೇ ಎಂದರು. ಕಾಕಾನ ಮುಖ ಸಣ್ಣದಾಯಿತು. "ಬ್ಯಾಡ್ರಿ ಅಣ್ಣಾ, ನಾ ಚಾಷ್ಟಿ ಮಾಡಿದ್ನಿರಿ."

"ಬಾಜಿ ಅಂದ್ರ ಬಾಜಿ. ಹಚ್ಚಪಾ ಕತ್ತಿ."

ನಾನು ತಡೆಯಬೇಕಿತ್ತು. ತಡೆಯಲಿಲ್ಲ. ನನ್ನ ತಲೆಯಲ್ಲಿ ಸೋಮವಾರವೇ ಇತ್ತು, ಕೈ ನನ್ನ ಮೀಸೆಯ ಮೇಲಿತ್ತು.

ಮರುದಿನ ದುಮ್ಮವಾಡದಲ್ಲಿ ಕನ್ಯೆಯ ತಂದೆ ಅಂಗಳಕ್ಕೇ ಬಂದು ಕರೆದರು. ಅಪ್ಪನನ್ನು ಎಷ್ಟೋ ಓಟಗಳಲ್ಲಿ ದೂರದಿಂದ ಕಂಡಿದ್ದವರು. ನಮ್ಮೆಲ್ಲರ ಮುಖ ನೋಡಿ, "ಎಲ್ಲಾರೂ ಬಂದೀರಿ. ತಂದಿಯವ್ರು ಯಾಕ ಬರಲಿಲ್ರಿ?" ಎಂದರು.

ನನ್ನ ಬಾಜೂಕ್ಕೇ ನಿಂತಿದ್ದ ಅಪ್ಪನ ಕೈ ತುಟಿಯ ಮೇಲಕ್ಕೆ ಹೋಯಿತು, ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು. "ಇವರ ರೀ ನಮ್ಮಪ್ಪಾ," ಅನ್ನಲು ನಾನು ಎರಡು ಸಲ ಬಾಯಿ ತೆರೆಯಬೇಕಾಯಿತು.